ಗೇರ್ ಬಾಕ್ಸ್ ಇಳಿಸುವ ಮುನ್ನ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

‘ಗೇರ್ ಬಾಕ್ಸ್ ಹೋಗಿದೆ’ ಎಂಬ ತೀರ್ಪು ಎಷ್ಟೋ ಸಲ ಅವಸರದ್ದು. ಕ್ಲಚ್ ಕೇಬಲ್‌ನ ಎಳೆ ಬಿಚ್ಚಿಕೊಂಡಿದ್ದಕ್ಕೆ, ಬ್ರೇಕ್ ಸ್ವಿಚ್ ಕೆಟ್ಟಿದ್ದಕ್ಕೆ, ಬ್ಯಾಟರಿ ಸೊರಗಿದ್ದಕ್ಕೆ, ಒಂದು ಲೀಟರ್ ಎಣ್ಣೆ ಸೋರಿದ್ದಕ್ಕೆ ಇಡೀ ಗೇರ್ ಬಾಕ್ಸನ್ನು ಕೆಳಗಿಳಿಸುವುದುಂಟು. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಲಕ್ಷಣ ಒಂದೇ ಇದ್ದರೂ ಗೇರ್ ಬಾಕ್ಸ್ ಬೇರೆಯಾದರೆ ರೋಗವೂ ಬೇರೆ. ಆಕ್ಸಿಲರೇಟರ್ ತುಳಿದಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ, ಮ್ಯಾನುಯಲ್‌ನಲ್ಲಿ ಕ್ಲಚ್ ಜಾರುತ್ತಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಭಾಗ) ಇರುವ ಆಟೊಮ್ಯಾಟಿಕ್‌ನಲ್ಲಿ ಮೊದಲ ಅನುಮಾನ ಎಣ್ಣೆಯ ಮೇಲೆ. ಗೇರುಗಳ ಬದಲು ಬೆಲ್ಟು, ಪುಲ್ಲಿ ಇರುವ ಸಿವಿಟಿಯಲ್ಲಿ ಅದು ದೋಷವೇ ಅಲ್ಲದಿರಬಹುದು.

ಆದ್ದರಿಂದ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಕಾರಿನಲ್ಲಿರುವುದು ಯಾವ ಬಗೆಯ ಟ್ರಾನ್ಸ್‌ಮಿಷನ್ ಎಂದು ತಿಳಿದುಕೊಳ್ಳಿ.

ಯಾವ ಬಗೆ ಎಂದು ಗುರುತಿಸುವುದು

ಮೂರು ಪೆಡಲ್ ಇದ್ದರೆ ಮ್ಯಾನುಯಲ್. ಎರಡೇ ಪೆಡಲ್ ಇದ್ದರೆ ಲಿವರ್ ನೋಡಿ. ‘ಪಿ’ ಸ್ಥಾನವೇ ಇಲ್ಲದೆ ಆರ್, ಎನ್, ಡಿ (ಅಥವಾ ಎ), ಎಂ ಮಾತ್ರ ಇದ್ದರೆ ಅದು ಬಹುತೇಕ ಎಎಂಟಿ. ಅಂದರೆ ಒಳಗಿರುವುದು ಮಾಮೂಲಿ ಮ್ಯಾನುಯಲ್ ಗೇರ್ ಬಾಕ್ಸೇ; ಕ್ಲಚ್ ತುಳಿಯುವ ಕಾಲಿನ ಕೆಲಸವನ್ನೂ ಗೇರ್ ಹಾಕುವ ಕೈಯ ಕೆಲಸವನ್ನೂ ಆಕ್ಚುಯೇಟರ್‌ಗಳು ಮಾಡುತ್ತವೆ. ಗೇರ್ ಬದಲಾಗುವಾಗ ತಲೆ ಒಮ್ಮೆ ಮುಂದಕ್ಕೆ ತೂಗಿದಂತಾಗುವುದು ಇದರ ಹುಟ್ಟುಗುಣ.

‘ಪಿ’ ಇದ್ದರೆ ಉಳಿಯುವುದು ಮೂರು. ಟಾರ್ಕ್ ಕನ್ವರ್ಟರ್ ಬಗೆಯಲ್ಲಿ ಬ್ರೇಕ್ ಬಿಟ್ಟ ಕೂಡಲೇ ಕಾರು ನಯವಾಗಿ ತೆವಳುತ್ತದೆ, ಗೇರ್ ಬದಲಾಗುವುದು ಮೆತ್ತಗೆ ತಿಳಿಯುತ್ತದೆ. ಸಿವಿಟಿಯಲ್ಲಿ ಮೆಟ್ಟಿಲುಗಳೇ ಇಲ್ಲ. ಆರ್‌ಪಿಎಂ ಒಂದು ಮಟ್ಟಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ವೇಗ ಮಾತ್ರ ಏರುತ್ತಾ ಹೋಗುತ್ತದೆ. ಕೆಲವು ಸಿವಿಟಿಗಳು ಚಾಲಕರ ಸಮಾಧಾನಕ್ಕೆಂದು ಕೃತಕ ಮೆಟ್ಟಿಲುಗಳನ್ನು ತೋರಿಸುತ್ತವೆ, ಅದಕ್ಕೆ ಮರುಳಾಗಬೇಡಿ. ಎರಡು ಕ್ಲಚ್ ಇರುವ ಡಿಸಿಟಿಯಲ್ಲಿ ಗೇರ್ ಕಣ್ಣುಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ, ಆದರೆ ನಿಂತಲ್ಲಿಂದ ಹೊರಡುವಾಗ ಮ್ಯಾನುಯಲ್ ಕ್ಲಚ್ ಬಿಟ್ಟಂಥ ಅನುಭವ. ಅನುಮಾನವಿದ್ದರೆ ವಾಹನದ ಕೈಪಿಡಿಯಲ್ಲಿ ಯಾವ ಎಣ್ಣೆ ಹೇಳಿದ್ದಾರೆ ನೋಡಿ. ಎಣ್ಣೆಯ ಹೆಸರೇ ಬಗೆಯನ್ನು ಹೇಳಿಬಿಡುತ್ತದೆ.

ಹೈಬ್ರಿಡ್ ಕಾರುಗಳ ‘ಇ-ಸಿವಿಟಿ’ ಮಾತ್ರ ಹೆಸರಿಗಷ್ಟೇ ಸಿವಿಟಿ. 1997ರಲ್ಲಿ ಬಂದ ಟೊಯೋಟಾ ಪ್ರಿಯಸ್‌ನಿಂದ ಹೆಸರಾದ ಈ ವ್ಯವಸ್ಥೆಯಲ್ಲಿ ಬೆಲ್ಟೂ ಇಲ್ಲ, ಹಿಗ್ಗಿ ಕುಗ್ಗುವ ಪುಲ್ಲಿಯೂ ಇಲ್ಲ. ಪ್ಲಾನೆಟರಿ ಗೇರ್ ಮತ್ತು ಎರಡು ಮೋಟಾರ್-ಜನರೇಟರ್‌ಗಳ ಲೆಕ್ಕಾಚಾರ ಅದು. ಕೆಳಗೆ ಸಿವಿಟಿಯ ಬಗ್ಗೆ ಹೇಳಿದ್ದು ಅದಕ್ಕೆ ಅನ್ವಯಿಸುವುದಿಲ್ಲ.

ಕಾರಿನಡಿ ತೂರುವ ಮುನ್ನ

ಮೊದಲು ಕೇಳಬೇಕಾದ ಪ್ರಶ್ನೆಗಳು: ತೊಂದರೆ ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಲ್ಲ ಗೇರಿನಲ್ಲೋ, ಒಂದರಲ್ಲೋ? ಆಕ್ಸಿಲರೇಟರ್ ತುಳಿದಾಗಲೋ, ಬಿಟ್ಟಾಗಲೋ? ಇದಕ್ಕೆ ಮುಂಚೆ ಏನಾದರೂ ರಿಪೇರಿ ಆಗಿತ್ತೇ? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಜಾರುವ ಆಟೊಮ್ಯಾಟಿಕ್‌ಗೂ ತಣ್ಣಗಿದ್ದಾಗ ಬಿಗಿಯಾಗಿದ್ದು ಬಿಸಿಯಾದ ಮೇಲೆ ಸಡಿಲಾಗುವ ಮ್ಯಾನುಯಲ್‌ಗೂ ಅಜಗಜಾಂತರ.

ಎರಡು ಪೆಡಲಿನ ಯಾವುದೇ ಕಾರಾದರೂ ಬ್ಯಾಟರಿ ವೈರ್ ಬಿಚ್ಚುವ ಮುನ್ನವೇ ಸ್ಕ್ಯಾನರ್ ಹಾಕಿ ಕೋಡ್ (ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷಸಂಖ್ಯೆ) ಓದಿ. ವೈರ್ ಬಿಚ್ಚಿದರೆ ಕೋಡ್‌ಗಳೂ, ಕಂಪ್ಯೂಟರ್ ಕಲಿತಿಟ್ಟುಕೊಂಡ ಅಳತೆಗಳೂ ಅಳಿಸಿಹೋಗಬಹುದು. ಪಿ0700 ಎಂಬುದು ದೋಷವಲ್ಲ, ‘ಟ್ರಾನ್ಸ್‌ಮಿಷನ್ ಕಂಪ್ಯೂಟರಿನಲ್ಲಿ ಏನೋ ಬರೆದಿದೆ, ಅಲ್ಲಿ ಹೋಗಿ ನೋಡು’ ಎಂಬ ಚೀಟಿ ಮಾತ್ರ. ಅಗ್ಗದ ಸ್ಕ್ಯಾನರ್ ಎಂಜಿನ್ ಕಂಪ್ಯೂಟರನ್ನಷ್ಟೇ ಓದಿ ಅಲ್ಲಿಗೇ ನಿಲ್ಲುತ್ತದೆ. ಟ್ರಾನ್ಸ್‌ಮಿಷನ್ ಮಾಡ್ಯೂಲ್ ಓದಬಲ್ಲ ಸ್ಕ್ಯಾನರೇ ಬೇಕು. ಪಿ0715 ಇನ್‌ಪುಟ್ ವೇಗದ ಸೆನ್ಸರ್, ಪಿ0720 ಔಟ್‌ಪುಟ್ ವೇಗದ ಸೆನ್ಸರ್, ಪಿ0705 ಲಿವರ್ ಸ್ಥಾನದ ಸೆನ್ಸರ್. ಈ ಮೂರರಲ್ಲಿ ಯಾವುದು ಬಂದರೂ ಮೊದಲು ವೈರು, ಕನೆಕ್ಟರ್ ನೋಡಿ. ಪಿ0730 ಬಂದರೆ ಕಂಪ್ಯೂಟರ್ ಕೇಳಿದ ಅನುಪಾತ ಸಿಗುತ್ತಿಲ್ಲ ಎಂದರ್ಥ. ಅಲ್ಲಿ ನಿಜವಾಗಿಯೂ ಏನೋ ಜಾರುತ್ತಿರಬಹುದು.

ಆಮೇಲೆ ಬ್ಯಾಟರಿ. ಕಾರು ಕೆಲವು ಗಂಟೆ ನಿಂತ ಮೇಲೆ 12.6 ವೋಲ್ಟ್ ಇದ್ದರೆ ತುಂಬಿದೆ, 12.2ಕ್ಕಿಂತ ಕಡಿಮೆಯಿದ್ದರೆ ಸೊರಗಿದೆ. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 9.6ಕ್ಕಿಂತ ಕೆಳಗೆ ಬೀಳಬಾರದು. ಸೊಲೆನಾಯ್ಡ್, ಪಂಪು, ಆಕ್ಚುಯೇಟರ್ ಎಲ್ಲವೂ ವೋಲ್ಟೇಜ್ ನಂಬಿಕೊಂಡವು. ಬ್ಯಾಟರಿ ದುರ್ಬಲವಾದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ಬರುತ್ತವೆ. ಅಂಥ ಪಟ್ಟಿ ಕಂಡರೆ ಬ್ಯಾಟರಿ ಮತ್ತು ಅರ್ಥ್ ವೈರ್ ಸರಿಪಡಿಸಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಿ.

ಗೇರ್ ಬಾಕ್ಸಿನದಲ್ಲದ ಸದ್ದುಗಳನ್ನೂ ಇಲ್ಲೇ ಬೇರ್ಪಡಿಸಿ. ಗುಂಯ್ ಎನ್ನುವ ಸದ್ದು ಇರುವ ವೇಗದಲ್ಲಿ, ಖಾಲಿ ರಸ್ತೆಯಲ್ಲಿ, ಮ್ಯಾನುಯಲ್ ಕಾರನ್ನು ಒಂದೆರಡು ಕ್ಷಣ ನ್ಯೂಟ್ರಲ್‌ಗೆ ಹಾಕಿ ತೇಲಲು ಬಿಡಿ. ಎಂಜಿನ್ ಐಡಲಿಗೆ ಇಳಿದರೂ ಸದ್ದು ಹಾಗೇ ಇದ್ದರೆ ಚಕ್ರದ ಬೇರಿಂಗ್, ಟೈರ್ ಇಲ್ಲವೇ ಡಿಫರೆನ್ಷಿಯಲ್ ಕಡೆ ನೋಡಿ. ಸ್ಟಿಯರಿಂಗನ್ನು ಎಡಬಲ ಸ್ವಲ್ಪ ತೂಗಿಸಿದಾಗ ಸದ್ದು ಏರಿಳಿದರೆ ಚಕ್ರದ ಬೇರಿಂಗೇ. ಪೂರ್ತಿ ಸ್ಟಿಯರಿಂಗ್ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಡಿ ಅಥವಾ ಆರ್‌ಗೆ ಹಾಕಿದಾಗ ಕಾರಿನಡಿ ಧಡ್ ಎಂದರೆ ಎಂಜಿನ್ ಮೌಂಟ್: ಬಾನೆಟ್ ತೆರೆದು, ಇನ್ನೊಬ್ಬರನ್ನು ಬ್ರೇಕ್ ಮೇಲೆ ಕೂರಿಸಿ, ಡಿ-ಆರ್ ನಡುವೆ ಬದಲಿಸಲು ಹೇಳಿ, ಪಕ್ಕದಲ್ಲಿ ನಿಂತು ನೋಡಿ. ಕಾರಿನ ಮುಂದೆ ನಿಲ್ಲಬೇಡಿ. ಎಂಜಿನ್ ಎದ್ದು ಕುಳಿತಂತೆ ಹಾರಿದರೆ ರಬ್ಬರ್ ಹರಿದಿದೆ.

ಮ್ಯಾನುಯಲ್: ಕ್ಲಚ್ಚೋ, ಗೇರ್ ಬಾಕ್ಸೋ

ಗೇರ್ ಬೀಳುತ್ತಿಲ್ಲ ಎಂಬ ದೂರಿಗೆ ಒಂದೇ ನಿಮಿಷದ ಪರೀಕ್ಷೆ ಸಾಕು. ಎಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬೀಳದಿದ್ದರೆ ಗೇರ್ ಬಾಕ್ಸಿನ ತಪ್ಪಲ್ಲ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಆಫ್ ಇದ್ದಾಗಲೂ ಬೀಳದಿದ್ದರೆ ಲಿವರಿನಿಂದ ಗೇರ್ ಬಾಕ್ಸಿಗೆ ಹೋಗುವ ಕೇಬಲ್, ಅದರ ತುದಿಯ ಪ್ಲಾಸ್ಟಿಕ್ ಬುಷ್, ಲಿಂಕ್ ಇವನ್ನು ನೋಡಿ. ಬುಷ್ ಪುಡಿಯಾಗಿ ಕೇಬಲ್ ತುದಿ ಕಳಚಿ ನೇತಾಡುವುದು ಸಾಮಾನ್ಯ. ಅದನ್ನು ಕಾಣದೆ ಒಳಗಿನ ಫೋರ್ಕ್ ಮುರಿದಿದೆ ಎಂದು ನಿರ್ಧರಿಸುವವರೂ ಇದ್ದಾರೆ.

ಕ್ಲಚ್ ಬಿಡುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಲು ರಿವರ್ಸ್ ಗೇರೇ ಒಳ್ಳೆಯ ಸಾಕ್ಷಿ. ಬಹಳಷ್ಟು ಗೇರ್ ಬಾಕ್ಸುಗಳಲ್ಲಿ ರಿವರ್ಸ್‌ಗೆ ಸಿಂಕ್ರೋ (ಹಲ್ಲು ಕೂಡುವ ಮುನ್ನ ವೇಗ ಹೊಂದಿಸುವ ರಿಂಗ್) ಇರುವುದಿಲ್ಲ. ಕಾರು ನಿಂತಿರಲಿ, ಎಂಜಿನ್ ಐಡಲಿನಲ್ಲಿರಲಿ. ಕ್ಲಚ್ ಪೂರ್ತಿ ತುಳಿದು ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಒಳಗಿನ ಶಾಫ್ಟ್ ನಿಂತಿರಬೇಕು. ಆದರೂ ಕರ್ರ್ ಎಂದರೆ ಕ್ಲಚ್ ಎಳೆಯುತ್ತಿದೆ, ಅಂದರೆ ತುಳಿದರೂ ಪೂರ್ತಿ ಬಿಡುತ್ತಿಲ್ಲ. ತುಳಿದ ತಕ್ಷಣ ಹಾಕಿದರೆ ಮಾತ್ರ ಕರ್ರ್ ಎನ್ನುತ್ತದೆ, ಹತ್ತು ಎಣಿಸಿದರೆ ಇಲ್ಲ ಎಂದಾದರೆ ಅದು ದೋಷವಲ್ಲ, ಅವಸರ.

ಕ್ಲಚ್ ಎಳೆಯುತ್ತಿದೆ ಎಂದು ಗೊತ್ತಾದ ಮೇಲೆ ಅದು ಕೇಬಲ್ಲೋ ಹೈಡ್ರಾಲಿಕ್ಕೋ ನೋಡಿ. ಕೇಬಲ್ ಇದ್ದರೆ ಪೆಡಲಿನ ಖಾಲಿ ಚಲನೆ ಅಳೆಯಿರಿ. ಬೆರಳಲ್ಲಿ ಒತ್ತಿದರೆ ಪ್ರತಿರೋಧ ಸಿಗುವವರೆಗೆ ಸಾಮಾನ್ಯವಾಗಿ 10ರಿಂದ 25 ಮಿ.ಮೀ. ಇರುತ್ತದೆ, ನಿಖರ ಅಳತೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ. ಖಾಲಿ ಚಲನೆಯೇ ಇಲ್ಲದಿದ್ದರೆ ಪೂರ್ತಿ ಹಿಡಿಯುವುದಿಲ್ಲ. ಅಂದರೆ ಹೊಸ ಪ್ಲೇಟ್ ಹಾಕಿದರೂ ಜಾರಿ ಸುಡುತ್ತದೆ. ಹೈಡ್ರಾಲಿಕ್ ಇದ್ದರೆ ಪೆಡಲನ್ನು ನಾಲ್ಕೈದು ಸಲ ಬೇಗಬೇಗ ತುಳಿದು ಗೇರ್ ಹಾಕಿ. ಈಗ ಬಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಅನೇಕ ಕಾರುಗಳಲ್ಲಿ ಬ್ರೇಕ್ ಎಣ್ಣೆಯ ಡಬ್ಬಿಯಿಂದಲೇ ಕ್ಲಚ್ಚಿಗೂ ಎಣ್ಣೆ ಹೋಗುತ್ತದೆ. ಕ್ಲಚ್ಚಿನ ಕೊಳವೆಯನ್ನು ಡಬ್ಬಿಯ ಮೇಲ್ಭಾಗದಲ್ಲಿ ಜೋಡಿಸಿರುತ್ತಾರೆ. ಕ್ಲಚ್ ಸೋರಿದರೂ ಬ್ರೇಕಿಗೆ ಒಂದಿಷ್ಟು ಉಳಿಯಲಿ ಎಂದು. ಡಬ್ಬಿಯ ಮಟ್ಟ ಆ ಕೊಳವೆಯವರೆಗೆ ಇಳಿದು ನಿಂತಿದ್ದರೆ ಸೋರಿಕೆ ಎಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿದ ಕವಚ) ಒಳಗಿದ್ದರೆ ಮಾತ್ರ ಗೇರ್ ಬಾಕ್ಸ್ ಇಳಿಸದೆ ಗತಿಯಿಲ್ಲ. ಇಳಿಸಿದಾಗ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗ್ ಒಟ್ಟಿಗೆ ಬದಲಿಸುವುದೇ ಜಾಣತನ.

ಕ್ಲಚ್ ಜಾರುವಿಕೆ ಪತ್ತೆಗೆ ನಾಲ್ಕನೇ ಗೇರಿನಲ್ಲಿ ಗಂಟೆಗೆ 40-50 ಕಿ.ಮೀ. ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಮುಳ್ಳು ಎರಡೂ ಒಟ್ಟಿಗೆ ಏರಬೇಕು. ಆರ್‌ಪಿಎಂ ಮುಳ್ಳು ಮಾತ್ರ ಜಿಗಿದರೆ ಜಾರುತ್ತಿದೆ. ಪ್ಲೇಟ್ ಬದಲಿಸುವ ಮುನ್ನ ಬೆಲ್ ಹೌಸಿಂಗ್ ಕೆಳಗೆ ಬೆರಳಾಡಿಸಿ. ಎಣ್ಣೆ ಅಂಟಿದರೆ ಮೂಸಿ ನೋಡಿ. ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಇದ್ದರೆ ಗೇರ್ ಎಣ್ಣೆ, ಇನ್‌ಪುಟ್ ಶಾಫ್ಟಿನ ಸೀಲಿನಿಂದ ಬಂದದ್ದು. ಕಪ್ಪಾಗಿ, ಆ ವಾಸನೆಯಿಲ್ಲದಿದ್ದರೆ ಎಂಜಿನ್ ಎಣ್ಣೆ, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲಿನದು. ಸೀಲ್ ಬದಲಿಸದೆ ಪ್ಲೇಟ್ ಮಾತ್ರ ಬದಲಿಸಿದರೆ ಹೊಸ ಪ್ಲೇಟೂ ಎಣ್ಣೆ ಕುಡಿದು ಹೊರಡುವಾಗ ಗಡಗಡ ಅದುರತೊಡಗುತ್ತದೆ.

ಸದ್ದು ಹಿಡಿಯಲು ಪೆಡಲೇ ಸ್ಟೆತಸ್ಕೋಪ್. ನ್ಯೂಟ್ರಲ್‌ನಲ್ಲಿ ಐಡಲಿರುವಾಗ ಸದ್ದಿದ್ದು, ಕ್ಲಚ್ ತುಳಿದಾಗ ನಿಂತರೆ ಇನ್‌ಪುಟ್ ಶಾಫ್ಟ್ ಕಡೆಯ ಬೇರಿಂಗ್. ತುಳಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಯಾವುದೋ ಒಂದು ಗೇರಿನಲ್ಲಿ ಮಾತ್ರ ಸದ್ದಿದ್ದರೆ ಆ ಜೋಡಿಯ ಹಲ್ಲುಗಳು.

ಗೇರ್ ಹಾಕುವಾಗ ಕರ್ರ್ ಎನ್ನುವುದರಲ್ಲೂ ಇದೇ ತರ್ಕ. ಎಲ್ಲ ಗೇರಿನಲ್ಲೂ ಬಂದರೆ ಕ್ಲಚ್. ಸೆಕೆಂಡ್ ಅಥವಾ ಥರ್ಡಿನಲ್ಲಿ ಮಾತ್ರ ಬಂದರೆ ಆ ಗೇರಿನ ಸಿಂಕ್ರೋ ರಿಂಗ್ ಸವೆದಿದೆ. ಖಚಿತಪಡಿಸಲು ಡಬಲ್ ಕ್ಲಚ್ ಮಾಡಿ: ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಎಂಜಿನ್ ವೇಗ ಹೊಂದಿಸಿ, ಮತ್ತೆ ತುಳಿದು ಗೇರ್. ಸದ್ದಿಲ್ಲದೆ ಬಿದ್ದರೆ ಸಿಂಕ್ರೋ ಮಾಡಬೇಕಾದ ಕೆಲಸವನ್ನು ನೀವು ಮಾಡಿದಿರಿ, ಅಂದರೆ ಅದು ಮಾಡುತ್ತಿಲ್ಲ.

ಆದರೆ ಸಿಂಕ್ರೋಗೆ ಮರಣಪತ್ರ ಬರೆಯುವ ಮುನ್ನ ಯಾವ ಎಣ್ಣೆ ಹಾಕಿದ್ದಾರೆ ಎಂದು ವಿಚಾರಿಸಿ. ಜಿಎಲ್-4 ದರ್ಜೆಯ ಎಣ್ಣೆ ಕೇಳುವ ಗೇರ್ ಬಾಕ್ಸಿಗೆ ‘ಅದಕ್ಕಿಂತ ಒಳ್ಳೆಯದು’ ಎಂದು ಜಿಎಲ್-5 ಸುರಿಯುವುದು ಹಳೆಯ ತಪ್ಪು. ಜಿಎಲ್-5ರಲ್ಲಿ ಒತ್ತಡ ತಾಳುವ ಗಂಧಕ-ರಂಜಕದ ಮಿಶ್ರಣ ಹೆಚ್ಚು. ಡಿಫರೆನ್ಷಿಯಲಿನ ಹಲ್ಲುಗಳಿಗೆ ಅದು ವರ. ಆದರೆ ಸಿಂಕ್ರೋ ರಿಂಗ್ ಕೆಲಸ ಮಾಡುವುದು ಉಜ್ಜಾಟದಿಂದ, ಅತಿ ಜಾರಿದರೆ ಅದು ಹಿಡಿಯುವುದಿಲ್ಲ. ಕೆಲವು ಮಿಶ್ರಣಗಳು ಹಿತ್ತಾಳೆಯನ್ನೂ ತಿನ್ನುತ್ತವೆ. ಅಂಕಿ ದೊಡ್ಡದಾದ ಮಾತ್ರಕ್ಕೆ ಎಣ್ಣೆ ಮೇಲಲ್ಲ. 75ಡಬ್ಲ್ಯೂ-80 ಕೇಳಿದ ಕಡೆ ದಪ್ಪನೆಯದು ಹಾಕಿದರೆ ತಣ್ಣಗಿದ್ದಾಗ ಮೊದಲ ಕೆಲವು ನಿಮಿಷ ಸೆಕೆಂಡ್ ಗೇರ್ ಒರಟಾಗುತ್ತದೆ.

ಎಣ್ಣೆ ನೋಡುವುದು ಹೀಗೆ: ಕಾರು ನಾಲ್ಕೂ ಕಡೆ ಸಮನಾಗಿ ಎತ್ತಿರಬೇಕು, ಸ್ಟ್ಯಾಂಡ್ ಕೊಟ್ಟಿರಬೇಕು, ಜಾಕ್ ಒಂದನ್ನೇ ನಂಬಿ ಕೆಳಗೆ ಹೋಗಬೇಡಿ. ಮೊದಲು ತುಂಬುವ ಪ್ಲಗ್ ಬಿಚ್ಚಿ. ಅದು ತುಕ್ಕು ಹಿಡಿದು ಬಿಚ್ಚದಿದ್ದರೆ, ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆ ಖಾಲಿ ಮಾಡಿದ ಮೇಲೆ ಪರಿತಪಿಸಬೇಕಾಗುತ್ತದೆ. ಬಹುತೇಕ ಗೇರ್ ಬಾಕ್ಸುಗಳಲ್ಲಿ ಎಣ್ಣೆ ಆ ತೂತಿನ ಕೆಳ ಅಂಚಿಗೆ ತಾಗುವಂತಿರಬೇಕು. ಮುಂಚಕ್ರ ಚಾಲನೆಯ ಸಣ್ಣ ಕಾರುಗಳಲ್ಲಿ ಒಟ್ಟು 2 ಲೀಟರ್ ಆಸುಪಾಸು. ಅದರಲ್ಲಿ ಅರ್ಧ ಲೀಟರ್ ಕಡಿಮೆಯಾದರೆ ಕಾಲು ಭಾಗವೇ ಹೋದಂತೆ.

ಗೇರ್ ತಾನಾಗಿ ಕಳಚಿಕೊಳ್ಳುವುದಿದ್ದರೆ ಮೊದಲು ಮೌಂಟ್, ಆಮೇಲೆ ಲಿವರ್ ಕೆಳಗಿನ ರಬ್ಬರ್ ಕವಚ. ಗಟ್ಟಿಯಾದ ಹೊಸ ಕವಚ ಲಿವರನ್ನು ಹಿಂದಕ್ಕೆ ಎಳೆಯುವುದುಂಟು. ಎರಡೂ ಸರಿಯಿದ್ದರೆ ಮಾತ್ರ ಒಳಗಿನ ಡಿಟೆಂಟ್ ಸ್ಪ್ರಿಂಗ್, ಫೋರ್ಕ್, ಮೊಂಡಾದ ಡಾಗ್ ಹಲ್ಲುಗಳು. ಲಿವರ್ ಮೇಲೆ ಸದಾ ಕೈಯಿಟ್ಟು ಓಡಿಸುವ ಅಭ್ಯಾಸ ಫೋರ್ಕನ್ನು ಸವೆಸುತ್ತದೆ.

ಎಎಂಟಿ: ಮೇಲೆ ಹೇಳಿದ್ದೆಲ್ಲ, ಜೊತೆಗೆ ಒಂದು ಯಂತ್ರದ ಕೈ

ಕ್ಲಚ್ ಪ್ಲೇಟು, ಸಿಂಕ್ರೋ, ಬೇರಿಂಗ್ ಎಲ್ಲ ಮ್ಯಾನುಯಲ್‌ನವೇ ಆದ್ದರಿಂದ ಆ ದೋಷಗಳೂ ಇಲ್ಲಿ ಬರುತ್ತವೆ. ಹೆಚ್ಚುವರಿ ಕಾಟ ಆಕ್ಚುಯೇಟರಿನದು. ಹೈಡ್ರಾಲಿಕ್ ಬಗೆಯಲ್ಲಿ ಸಣ್ಣ ವಿದ್ಯುತ್ ಪಂಪ್ ಎಣ್ಣೆಯನ್ನು ಹತ್ತಾರು ಬಾರ್ ಒತ್ತಡಕ್ಕೆ ಏರಿಸಿ ಅಕ್ಯುಮುಲೇಟರಿನಲ್ಲಿ ತುಂಬಿಡುತ್ತದೆ. ಹಲವು ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದ ಕೂಡಲೇ ಬಾನೆಟ್ ಕಡೆಯಿಂದ ಕೆಲವು ಸೆಕೆಂಡ್ ಝುಂಯ್ ಎಂದು ಕೇಳಿ ನಿಲ್ಲುವುದು ಇದೇ ಪಂಪು. ಆ ಸದ್ದೇ ರೋಗಪತ್ತೆಗೆ ಸಾಕು. ಎಂದೂ ಕೇಳುತ್ತಿದ್ದದ್ದು ಕೇಳದೆ, ಗೇರ್ ಕೂಡ ಬೀಳದಿದ್ದರೆ ಫ್ಯೂಸ್, ರಿಲೇ, ಪಂಪ್ ಮೋಟಾರ್ ಈ ಅನುಕ್ರಮದಲ್ಲಿ ನೋಡಿ. ನಿಂತ ಕಾರಿನಲ್ಲಿ ಏನೂ ಮಾಡದೆಯೇ ಪಂಪು ಮತ್ತೆ ಮತ್ತೆ ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ ಅಥವಾ ಅಕ್ಯುಮುಲೇಟರಿನ ಅನಿಲ ಹೋಗಿದೆ. ಅದನ್ನು ಹಾಗೇ ಬಿಟ್ಟರೆ ಪಂಪೂ ಸುಡುತ್ತದೆ. ಡಬ್ಬಿಯ ಎಣ್ಣೆ ಕಡಿಮೆಯಿದ್ದರೆ ಕೈಪಿಡಿ ಹೇಳಿದ ಹೈಡ್ರಾಲಿಕ್ ಎಣ್ಣೆಯನ್ನೇ ಹಾಕಿ. ಬ್ರೇಕ್ ಎಣ್ಣೆ ಹಾಕಿದರೆ ಸೀಲುಗಳು ಉಬ್ಬಿ ಎಲ್ಲವೂ ಕೆಡುತ್ತದೆ. ಕೆಲವು ಎಎಂಟಿಗಳಲ್ಲಿ ಎಣ್ಣೆಯೇ ಇಲ್ಲ, ವಿದ್ಯುತ್ ಮೋಟಾರ್‌ಗಳೇ ಎಲ್ಲ ಮಾಡುತ್ತವೆ.

ಕಾರು ಸ್ಟಾರ್ಟ್ ಆಗುತ್ತಿಲ್ಲ ಅಥವಾ ಎನ್‌ನಿಂದ ಗೇರ್ ಹೋಗುತ್ತಿಲ್ಲ ಎಂದರೆ ಬ್ರೇಕ್ ತುಳಿದು ಹಿಂದಿನ ದೀಪ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ದೋಷ ಒಂದು ಸಣ್ಣ ಸ್ವಿಚ್ಚಿನಲ್ಲೋ ಫ್ಯೂಸಿನಲ್ಲೋ ಇದೆ. ‘ಪಿ’ ಇರುವ ಕಾರುಗಳಲ್ಲಿ ಲಿವರ್ ‘ಪಿ’ಯಲ್ಲೇ ಸಿಕ್ಕಿಕೊಳ್ಳುವುದಕ್ಕೂ ಬಹಳ ಸಲ ಇದೇ ಕಾರಣ.

ಏರಿನಲ್ಲಿ ಬ್ರೇಕ್ ಬದಲು ಆಕ್ಸಿಲರೇಟರಿನಿಂದಲೇ ಕಾರು ನಿಲ್ಲಿಸಿಕೊಳ್ಳುವುದು ಎಎಂಟಿ ಕ್ಲಚ್ಚನ್ನು ಸುಡುವ ಅತಿ ಸುಲಭದ ದಾರಿ. ಕ್ಲಚ್ ಬದಲಿಸಿದ ಮೇಲೆ ಸ್ಕ್ಯಾನರಿನಿಂದ ಹೊಸ ಹಿಡಿತದ ಬಿಂದುವನ್ನು (ಕ್ಲಚ್ ಹಿಡಿಯತೊಡಗುವ ಜಾಗ) ಕಂಪ್ಯೂಟರಿಗೆ ಕಲಿಸಬೇಕು. ಇದನ್ನು ಬಿಟ್ಟರೆ ಹೊಸ ಕ್ಲಚ್ಚೂ ಹಳೆಯದರಂತೆಯೇ ಜಗ್ಗುತ್ತದೆ.

ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್: ಎಣ್ಣೆಯ ಮಾತು ಮೊದಲು

ಇಲ್ಲಿ ಎಣ್ಣೆ ಬರೀ ಜಾರಿಸುವ ದ್ರವವಲ್ಲ. ಎಂಜಿನ್ನಿನ ಬಲ ದಾಟುವುದು ಅದರ ಮೂಲಕ, ಗೇರ್ ಹಿಡಿಸುವ ಕ್ಲಚ್ ಪ್ಯಾಕ್‌ಗಳನ್ನು ಒತ್ತುವುದು ಅದು, ಬಿಸಿಯನ್ನು ಹೊರಗೆ ಒಯ್ಯುವುದೂ ಅದೇ. ಕಡಿಮೆಯಾದರೆ ಪಂಪ್ ಗಾಳಿ ಹೀರಿ ಗೇರ್ ತಡವಾಗುತ್ತದೆ. ಹೆಚ್ಚಾದರೂ ಕೇಡೇ: ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ, ನೊರೆಗೆ ಒತ್ತಡ ನಿಲ್ಲುವುದಿಲ್ಲ. ಅಂದರೆ ಎರಡಕ್ಕೂ ಲಕ್ಷಣ ಒಂದೇ, ಜಾರುವುದು.

ಡಿಪ್ ಸ್ಟಿಕ್ ಇದ್ದರೆ ಎಣ್ಣೆ ಬಿಸಿಯಾಗುವಷ್ಟು ಓಡಿಸಿ, ಸಮತಟ್ಟಿನಲ್ಲಿ ನಿಲ್ಲಿಸಿ, ಬ್ರೇಕ್ ತುಳಿದು ಲಿವರನ್ನು ಎಲ್ಲ ಸ್ಥಾನಗಳಲ್ಲೂ ಒಂದೆರಡು ಸೆಕೆಂಡ್ ನಿಲ್ಲಿಸಿ ‘ಪಿ’ಗೆ ತನ್ನಿ. ಸಾಮಾನ್ಯವಾಗಿ ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಹೋಂಡಾದಂಥ ಕೆಲವು ತಯಾರಕರ ಗೇರ್ ಬಾಕ್ಸುಗಳಲ್ಲಿ ಆಫ್ ಮಾಡಿದ ಒಂದೂವರೆ ನಿಮಿಷದೊಳಗೆ ಅಳೆಯಬೇಕು. ಇದನ್ನು ಅದಲುಬದಲು ಮಾಡಿದರೆ ಅಳತೆಯೇ ತಪ್ಪುತ್ತದೆ. ಡಿಪ್ ಸ್ಟಿಕ್ ಇಲ್ಲದವುಗಳಲ್ಲಿ ಕೆಳಗೆ ಮಟ್ಟದ ಪ್ಲಗ್ ಇರುತ್ತದೆ. ಎಣ್ಣೆಯ ಉಷ್ಣತೆಯನ್ನು ಸ್ಕ್ಯಾನರಿನಲ್ಲಿ ನೋಡುತ್ತಾ, ತಯಾರಕರು ಹೇಳಿದ ಮಿತಿಯೊಳಗೆ (ಹಲವರಲ್ಲಿ 35ರಿಂದ 45 ಡಿಗ್ರಿ ಸೆಲ್ಸಿಯಸ್) ಎಂಜಿನ್ ಐಡಲಿನಲ್ಲಿರುವಾಗ ಪ್ಲಗ್ ಬಿಚ್ಚಿ. ಧಾರೆಯಾಗಿ ಸುರಿದರೆ ಹೆಚ್ಚಿದೆ, ಏನೂ ಬರದಿದ್ದರೆ ಕಡಿಮೆ, ಸಣ್ಣಗೆ ತೊಟ್ಟಿಕ್ಕುವ ಹಂತಕ್ಕೆ ಬಂದಾಗ ಮುಚ್ಚಬೇಕು. ಉಷ್ಣತೆ ನೋಡದೆ ಈ ಪ್ಲಗ್ ಬಿಚ್ಚುವುದು ಕಣ್ಣುಕಟ್ಟಿ ಅಳೆದಂತೆ.

ಹೊರತೆಗೆದ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಎರಡು ಹನಿ ಬಿಡಿ. ಕೆಂಪು ಅಥವಾ ತಿಳಿಗಂದು ಆದರೆ ಸರಿ. ಕಡುಗಂದು, ಸುಟ್ಟ ವಾಸನೆ, ನಡುವೆ ಕಪ್ಪು ಪುಡಿಯ ಚುಕ್ಕೆ ಉಳಿದರೆ ಕ್ಲಚ್ ಪ್ಯಾಕಿನ ಲೈನಿಂಗ್ ಹೋಗಿದೆ. ಹಾಲು ಬೆರೆಸಿದ ಸ್ಟ್ರಾಬೆರಿ ಬಣ್ಣ ಬಂದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲೆಂಟ್ ಸೇರಿದೆ. ಹಾಗಿದ್ದರೆ ಕಾರನ್ನು ಒಂದು ಕಿ.ಮೀ. ಕೂಡ ಓಡಿಸಬೇಡಿ, ಕೂಲೆಂಟ್ ಲೈನಿಂಗಿನ ಅಂಟನ್ನೇ ಬಿಡಿಸುತ್ತದೆ.

‘ಜೀವಮಾನದ ಎಣ್ಣೆ, ಬದಲಿಸುವುದೇ ಬೇಡ’ ಎಂಬ ಮಾತು ಯಾರ ಜೀವಮಾನ ಎಂಬುದನ್ನು ಹೇಳುವುದಿಲ್ಲ. ಅನೇಕ ಕಾರು ಕಂಪನಿಗಳಿಗೆ ಆಟೊಮ್ಯಾಟಿಕ್ ಗೇರ್ ಬಾಕ್ಸ್ ಮಾಡಿಕೊಡುವ ಝಡ್‌ಎಫ್ ತನ್ನ ಗೇರ್ ಬಾಕ್ಸುಗಳಿಗೆ 80,000ದಿಂದ 1,20,000 ಕಿ.ಮೀ. ಅಥವಾ 8 ವರ್ಷಕ್ಕೆ ಎಣ್ಣೆ ಬದಲಿಸಲು ಹೇಳುತ್ತದೆ. ‘ಎಣ್ಣೆ ಬದಲಿಸಿದ ಮೇಲೇ ಕೆಟ್ಟಿತು’ ಎಂಬ ದೂರಿನ ಹಿಂದೆಯೂ ಹೆಚ್ಚಾಗಿ ಬೇರೆ ಕತೆ ಇರುತ್ತದೆ. ಜಾರಲು ಶುರುವಾದ ಮೇಲೆ ಎಣ್ಣೆ ಬದಲಿಸಿರುತ್ತಾರೆ. ಲೈನಿಂಗ್ ಅದಾಗಲೇ ಎಣ್ಣೆಯಲ್ಲಿ ಕರಗಿಹೋಗಿರುತ್ತದೆ. ಒಮ್ಮೆ ಬಸಿದರೆ ಹಳೆಯದೆಲ್ಲ ಬರುವುದಿಲ್ಲ, ಕನ್ವರ್ಟರ್ ಒಳಗೆ ಗಣನೀಯ ಪಾಲು ಉಳಿಯುತ್ತದೆ. ಬಸಿದಷ್ಟೇ ಅಳೆದು ತುಂಬಿ, ಸ್ವಲ್ಪ ಓಡಿಸಿ, ಎರಡು ಮೂರು ಸಲ ಮಾಡಿ.

ಗೇರ್ ಹಿಡಿಯುವ ಹೊತ್ತನ್ನು ಸ್ಟಾಪ್ ವಾಚಿನಲ್ಲಿ ಅಳೆಯಿರಿ. ಎಣ್ಣೆ ಬಿಸಿಯಿದ್ದು ಎಂಜಿನ್ ಐಡಲಿನಲ್ಲಿರುವಾಗ ಎನ್‌ನಿಂದ ಡಿಗೆ ಹಾಕಿದಾಗ ಸಣ್ಣ ತಳ್ಳು ಅನುಭವಕ್ಕೆ ಬರಲು ಸುಮಾರು 1.2 ಸೆಕೆಂಡ್, ಎನ್‌ನಿಂದ ಆರ್‌ಗೆ 1.5 ಸೆಕೆಂಡ್ ಮೀರಬಾರದು. ಎರಡೂ ತಡವಾದರೆ ಎಣ್ಣೆ ಕಡಿಮೆ, ಫಿಲ್ಟರ್ ಕಟ್ಟಿದೆ ಇಲ್ಲವೇ ಪಂಪ್ ಸೋತಿದೆ. ಒಂದೇ ತಡವಾದರೆ ಆ ದಾರಿಯ ಕ್ಲಚ್ ಅಥವಾ ಅದರ ಸೀಲ್.

ಗಂಟೆಗೆ 40ರಿಂದ 80 ಕಿ.ಮೀ. ನಡುವೆ ಹಗುರ ಕಾಲಿನಲ್ಲಿ ಹೋಗುವಾಗ ಉಬ್ಬುಪಟ್ಟಿಗಳ ಮೇಲೆ ಹಾದಂತೆ ಕಾರು ನಡುಗುತ್ತದೆಯೇ? ಅದು ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಎಣ್ಣೆಯ ಬದಲು ನೇರವಾಗಿ ಬೆಸೆಯುವ ಕನ್ವರ್ಟರಿನ ಕ್ಲಚ್) ಇರಬಹುದು, ಎಂಜಿನ್ ಮಿಸ್‌ಫೈರ್ ಕೂಡ ಇರಬಹುದು. ಬೇರ್ಪಡಿಸಲು ಆಕ್ಸಿಲರೇಟರ್ ಹಾಗೇ ಹಿಡಿದು, ಹಿಂದೆ ವಾಹನ ಇಲ್ಲದಾಗ, ಎಡಗಾಲಿನಿಂದ ಬ್ರೇಕನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸ್ವಿಚ್ ತಾಗಿದ ಕ್ಷಣ ಲಾಕಪ್ ಬಿಡುತ್ತದೆ. ನಡುಕ ನಿಂತು, ಕಾಲು ತೆಗೆದ ಸ್ವಲ್ಪ ಹೊತ್ತಿಗೆ ಮರಳಿದರೆ ಲಾಕಪ್. ನಿಲ್ಲದೇ ಇದ್ದರೆ ಸ್ಪಾರ್ಕ್ ಪ್ಲಗ್, ಕಾಯಿಲ್ ನೋಡಿ. ಲಾಕಪ್ ನಡುಕ ಆರಂಭದ ಹಂತದಲ್ಲಿದ್ದರೆ ಸರಿಯಾದ ಎಣ್ಣೆ ಬದಲಾವಣೆಯಿಂದಲೇ ಹೋಗುವುದೂ ಉಂಟು.

ಸ್ಟಾಲ್ ಪರೀಕ್ಷೆ ಉಪಯುಕ್ತ, ಆದರೆ ಅಪಾಯದ್ದು. ತಯಾರಕರು ಅನುಮತಿಸಿದ್ದರೆ ಮಾತ್ರ ಮಾಡಿ. ನಾಲ್ಕೂ ಚಕ್ರಕ್ಕೆ ತಡೆ, ಹ್ಯಾಂಡ್ ಬ್ರೇಕ್, ಕಾಲಿನ ಬ್ರೇಕ್ ಪೂರ್ತಿ, ಮುಂದೆ ಹಿಂದೆ ಯಾರೂ ಇರಬಾರದು. ಡಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದು ಆರ್‌ಪಿಎಂ ಎಲ್ಲಿ ನಿಲ್ಲುತ್ತದೆ ಎಂದು ಓದಿ, 5 ಸೆಕೆಂಡಿಗಿಂತ ಹೆಚ್ಚು ಬೇಡ. ನಂತರ ಎನ್‌ನಲ್ಲಿ ಒಂದು ನಿಮಿಷವಾದರೂ ತಣಿಯಲು ಬಿಡಿ. ನಿಗದಿಗಿಂತ ಹೆಚ್ಚು ಬಂದರೆ ಒಳಗೆ ಜಾರುತ್ತಿದೆ. ಬಹಳ ಕಡಿಮೆ ಬಂದರೆ ಎಂಜಿನ್ ಬಲ ಕುಂದಿದೆ ಅಥವಾ ಕನ್ವರ್ಟರಿನಲ್ಲಿ ಎಣ್ಣೆಯ ಹರಿವನ್ನು ತಿರುಗಿಸುವ ಸ್ಟೇಟರ್ ಹಿಡಿಯದೆ ಹಿಮ್ಮುಖ ತಿರುಗುತ್ತಿದೆ. ಸ್ಟೇಟರ್ ಕೆಟ್ಟ ಕಾರಿಗೆ ನಿಂತಲ್ಲಿಂದ ಪಿಕಪ್ ಇರುವುದಿಲ್ಲ, ವೇಗ ಹಿಡಿದ ಮೇಲೆ ಸರಿ ಓಡುತ್ತದೆ. ಸಿವಿಟಿ, ಡಿಸಿಟಿಗಳಲ್ಲಿ ಈ ಪರೀಕ್ಷೆಯ ಗೋಜೇ ಬೇಡ.

ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಮಂದವಾಗಿ ಓಡಿದರೆ ಅದು ಲಿಂಪ್ ಮೋಡ್, ಗೇರ್ ಬಾಕ್ಸ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸರಿಹೋದರೂ ಕೋಡ್ ಉಳಿದಿರುತ್ತದೆ, ಓದಿಸಿ. ಪಿಯಲ್ಲಿ ಸ್ಟಾರ್ಟ್ ಆಗದೆ ಎನ್‌ನಲ್ಲಿ ಮಾತ್ರ ಆದರೆ ಲಿವರ್ ಕೇಬಲ್ ಹೊಂದಾಣಿಕೆ ತಪ್ಪಿದೆ ಅಥವಾ ಸ್ಥಾನದ ಸ್ವಿಚ್ ಕೆಟ್ಟಿದೆ.

ಸಿವಿಟಿ

ಎರಡು ಶಂಕು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್. ನೆದರ್ಲೆಂಡ್ಸ್‌ನ ಡಾಫ್ 1958ರಲ್ಲಿ ರಬ್ಬರ್ ಬೆಲ್ಟಿನಿಂದ ಇದನ್ನು ಕಾರಿಗೆ ತಂದಿತು. ಉಕ್ಕಿನ ಬೆಲ್ಟ್ ಆಮೇಲಿನದು. ಉಕ್ಕು ಉಕ್ಕಿನ ಮೇಲೆ ಜಾರದೆ ಹಿಡಿಯಬೇಕು, ಆದರೂ ಸವೆಯಬಾರದು. ಈ ಎರಡು ತಲೆಯ ಕೆಲಸಕ್ಕೇ ಸಿವಿಟಿ ಎಣ್ಣೆ ಬೇರೆ. ಸಾಮಾನ್ಯ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಸುರಿದರೆ ಬೆಲ್ಟ್ ಜಾರಿ ಪುಲ್ಲಿಯ ಮೈಮೇಲೆ ಗೀರು ಬೀಳುತ್ತದೆ, ಗೀರು ಬಿದ್ದ ಪುಲ್ಲಿ ಮತ್ತೆ ಸರಿಹೋಗುವುದಿಲ್ಲ. ಅದಲುಬದಲಾಗಿ ಎಣ್ಣೆ ಹಾಕಿದ್ದು ತಿಳಿದರೆ ಎಂಜಿನ್ ಸ್ಟಾರ್ಟ್ ಮಾಡದೆಯೇ ಬಸಿಯಿರಿ.

ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮೊದಲು ಕೂಗಿ ವೇಗ ಆಮೇಲೆ ಬರುವುದು ಇದರ ಸ್ವಭಾವ. ನಿಜವಾದ ಜಾರುವಿಕೆ ಬೇರೆ ತೆರನಾದದ್ದು: ಒಂದೇ ವೇಗದಲ್ಲಿ, ಕಾಲು ಅಲುಗಿಸದೆ ಹೋಗುವಾಗ ಆರ್‌ಪಿಎಂ ಇದ್ದಕ್ಕಿದ್ದಂತೆ ಏರಿ ಇಳಿಯುತ್ತದೆ. ಕಡಿಮೆ ವೇಗದಲ್ಲಿ ಗಡಗಡ ನಡುಗಿದರೆ ಬೆಲ್ಟ್, ಪುಲ್ಲಿ ಅಥವಾ ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿಯ ಮೇಲೆ ಅನುಮಾನ. ವೇಗದ ಜೊತೆ ಏರುವ ಕೀರಲು ಸದ್ದು ಪುಲ್ಲಿಯ ಬೇರಿಂಗಿನದು. ದೀರ್ಘ ಏರು ಹತ್ತಿದ ಮೇಲೆ ಕಾರು ಬಲ ಕಳೆದುಕೊಂಡು, ತಣಿದ ಮೇಲೆ ಸರಿಯಾದರೆ ಅದು ಅತಿ ಬಿಸಿಯಿಂದ ಕಾಪಾಡಿಕೊಳ್ಳಲು ಕಾರು ತಾನೇ ಬಲ ತಗ್ಗಿಸಿದ್ದು. ಕೂಲರಿನ ರೆಕ್ಕೆಗಳಲ್ಲಿ ಧೂಳು, ಹುಲ್ಲು ತುಂಬಿದೆಯೇ ನೋಡಿ.

ಪ್ಯಾನ್ ಬಿಚ್ಚಿದಾಗ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇರುವುದು ಸಹಜ, ಒರೆಸಿ ಹಾಕಿ. ಬೆರಳುಗಳ ನಡುವೆ ಉಜ್ಜಿದಾಗ ಚುಚ್ಚುವ ಚೂರುಗಳಿದ್ದರೆ ಒಳಗೆ ಲೋಹ ಕಿತ್ತುಬರುತ್ತಿದೆ. ಈ ಮಾತು ಎಲ್ಲ ಬಗೆಯ ಗೇರ್ ಬಾಕ್ಸಿಗೂ ಸಲ್ಲುತ್ತದೆ.

ಡಿಸಿಟಿ

ಒಂದು ಕ್ಲಚ್ ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಹಾಗಾಗಿ ದೋಷ ಹುಡುಕುವುದು ಒಂದು ಲೆಕ್ಕದಲ್ಲಿ ಇಲ್ಲೇ ಸುಲಭ. 1, 3, 5 ಹೋಗಿ 2, 4, 6 ಉಳಿದಿದ್ದರೆ ಅರ್ಧ ಗೇರ್ ಬಾಕ್ಸನ್ನು ಪಟ್ಟಿಯಿಂದ ತೆಗೆದುಹಾಕಬಹುದು. ರಿವರ್ಸ್ ಯಾವ ಗುಂಪಿನೊಂದಿಗೆ ಎಂಬುದು ಗೇರ್ ಬಾಕ್ಸಿನಿಂದ ಗೇರ್ ಬಾಕ್ಸಿಗೆ ಬೇರೆ. ಫೋಕ್ಸ್‌ವ್ಯಾಗನ್ನಿನ 2003ರ ಆರು ಗೇರಿನ ಒದ್ದೆ ಕ್ಲಚ್ ಡಿಎಸ್‌ಜಿಯಲ್ಲಿ ಅದು ಬೆಸ ಗೇರುಗಳ ಕ್ಲಚ್ಚಿಗೆ ಸೇರಿದೆ, 2008ರ ಏಳು ಗೇರಿನ ಒಣ ಕ್ಲಚ್ಚಿನದರಲ್ಲಿ ಸಮ ಗೇರುಗಳದಕ್ಕೆ.

ಒದ್ದೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಆ ಎಣ್ಣೆಗೆ ಕಾಲಮಿತಿ ಇದೆ. ಮೇಲಿನ ಆರು ಗೇರಿನದಕ್ಕೆ 60,000 ಕಿ.ಮೀ. ಒಣ ಕ್ಲಚ್ಚಿಗೆ ಬಿಸಿ ಕಳೆದುಕೊಳ್ಳುವ ದಾರಿ ಗಾಳಿಯೊಂದೇ. ಇಂಚಿಂಚು ತೆವಳುವ ದಟ್ಟಣೆಯಲ್ಲಿ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಕಾದು, ಒಂದು-ಎರಡರ ನಡುವೆ ಕಾರು ಅದುರತೊಡಗುತ್ತದೆ. ಎಚ್ಚರಿಕೆ ಬಂದರೆ ಪಿಗೆ ಹಾಕಿ ನಿಲ್ಲಿಸಿ ತಣಿಯಲು ಬಿಡಿ. ತಣಿದ ಮೇಲೂ ಅದುರಿದರೆ ಸ್ಕ್ಯಾನರಿನಲ್ಲಿ ಕ್ಲಚ್ಚಿನ ಸವೆತ, ಹಿಡಿತದ ಬಿಂದು ನೋಡಿ. ಮಿತಿಯೊಳಗಿದ್ದರೆ ಮೊದಲು ಮರುಕಲಿಕೆ ಮಾಡಿಸಿ, ಆಮೇಲೆ ಕ್ಲಚ್ ಬದಲಿಸುವ ಮಾತು. ಡ್ಯಾಶ್‌ಬೋರ್ಡಿನಲ್ಲಿ ಗೇರ್ ಅಕ್ಷರ ಮಿನುಗಿ ಒಮ್ಮೆಲೇ ಎಲ್ಲ ಗೇರೂ ಮಾಯವಾದರೆ ಕ್ಲಚ್ ಅಲ್ಲ, ಅವನ್ನು ನಡೆಸುವ ಮೆಕಟ್ರಾನಿಕ್ ಘಟಕದ ಒತ್ತಡವೋ ವಿದ್ಯುತ್ ಪೂರೈಕೆಯೋ ಕೈಕೊಟ್ಟಿದೆ.

ಎಳೆದೊಯ್ಯುವಾಗ

ಮ್ಯಾನುಯಲ್ ಕಾರನ್ನು ನ್ಯೂಟ್ರಲ್‌ನಲ್ಲಿ ಎಳೆಯಬಹುದು, ಒಳಗೆ ಎಣ್ಣೆ ಇರುವವರೆಗೆ. ಟಾರ್ಕ್ ಕನ್ವರ್ಟರ್, ಸಿವಿಟಿ ಮತ್ತು ಡಿಸಿಟಿಗಳಲ್ಲಿ ಎಣ್ಣೆಯ ಪಂಪನ್ನು ಸಾಮಾನ್ಯವಾಗಿ ತಿರುಗಿಸುವುದು ಎಂಜಿನ್. ಎಂಜಿನ್ ನಿಂತು ಚಕ್ರ ಉರುಳಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ತಿರುಗುತ್ತವೆ. ಆದ್ದರಿಂದ ಎಂಜಿನ್ನಿನಿಂದ ತಿರುಗುವ ಚಕ್ರಗಳು ನೆಲ ಮುಟ್ಟದಂತೆ ಎತ್ತಿಸಿ, ನಾಲ್ಕು ಚಕ್ರ ಚಾಲನೆಯದಾದರೆ ಇಡೀ ಕಾರನ್ನು ಫ್ಲ್ಯಾಟ್‌ಬೆಡ್ ಮೇಲೇ ಹಾಕಿಸಿ. ಎತ್ತುವ ಮುನ್ನ ಎಣ್ಣೆ ತೊಟ್ಟಿಕ್ಕಿದ ಜಾಗದ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಡ್ರೈವ್ ಶಾಫ್ಟಿನ ಸೀಲೋ, ಪ್ಯಾನಿನ ಅಂಚೋ, ಕೂಲರ್ ಪೈಪೋ, ಬೆಲ್ ಹೌಸಿಂಗೋ ಎಂಬುದು ಕಾರು ನಿಂತಿದ್ದ ನೆಲದ ಕಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ದಾರಿಯ ಗಾಳಿಗೆ ಎಣ್ಣೆ ಕಾರಿನ ಅಡಿಗೆಲ್ಲ ಹರಡಿದ ಮೇಲೆ ಕಾಣುವುದಿಲ್ಲ.